ಶಿಶುವಿಹಾರದ ವರ್ಷದಿಂದ ಏನನ್ನು ನಿರೀಕ್ಷಿಸಬೇಕು?

ಪ್ರತಿವರ್ಷವೂ ಜೂನ್ ತಿಂಗಳ ಮೊದಲ ವಾರದಲ್ಲಿ, ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ, ನಮ್ಮ ಪಟ್ಟಣದ ದಂಡುಭಾಗದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಸಂಚರಿಸುವವರ ಕಿವಿಗೆ ಒಂದೇ ಬಗೆಯ ಧ್ವನಿ ಬೀಳುತ್ತದೆ. ಶಿವಾಜಿನಗರದ ಸಂದಿಯಲ್ಲಾಗಲಿ, ಹಲಸೂರಿನಲ್ಲಿ ಸೋಮೇಶ್ವರನ ಗುಡಿಯ ಆಸುಪಾಸಿನಲ್ಲಾಗಲಿ, ಇಂದಿರಾನಗರದ ಮರಗಳ ನೆರಳಿನಲ್ಲಾಗಲಿ, ಕೃಷ್ಣರಾಜಪುರದ ಹೆದ್ದಾರಿಯ ಬದಿಯಲ್ಲಾಗಲಿ, ಪಾಠಶಾಲೆಯ ಬಾಗಿಲಲ್ಲಿ ತಾಯಿಯ ಸೆರಗನ್ನು ಹಿಡಿದು ಬಿಡಲೊಲ್ಲದ ಮಗುವಿನ ಅಳು ಅದು. ಒಂದು ಮಗು ತಮಿಳಿನಲ್ಲಿ ಅಳುತ್ತದೆ, ಒಂದು ದಖ್ಖಣಿ ಉರ್ದುವಿನಲ್ಲಿ, ಒಂದು ತೆಲುಗಿನಲ್ಲಿ, ಒಂದು ಕನ್ನಡದಲ್ಲಿ. ಬಾಗಿಲಿನ ಒಳಗಿನಿಂದ ಅದಕ್ಕೆ ದೊರೆಯುವ ಸಮಾಧಾನವಾದರೋ ಬಹುಮಟ್ಟಿಗೆ ಇಂಗ್ಲಿಷಿನದು.

ಮಗುವನ್ನು ಒಳಕ್ಕೆ ಬಿಟ್ಟು ಹೊರಗೆ ನಿಂತ ಗೃಹಸ್ಥರ ಮಾತನ್ನು ಕೇಳಿದರೆ ಅವರ ನಿರೀಕ್ಷೆ ಏನೆಂಬುದು ತಿಳಿಯುತ್ತದೆ. ಮಾರ್ಚಿಯ ಹೊತ್ತಿಗೆ ಮಗು ಇಂಗ್ಲಿಷಿನಲ್ಲಿ ಮಾತನಾಡಬೇಕು, ನೂರರವರೆಗೆ ಬರೆಯಬೇಕು, ಓದುವುದನ್ನು ಆರಂಭಿಸಿರಬೇಕು, ಹೆಸರುಳ್ಳ ಶಾಲೆಯೊಂದರ ಒಂದನೆಯ ತರಗತಿಯಲ್ಲಿ ಸ್ಥಳ ದೊರೆಯಬೇಕು. ಕೊಡುವ ಶುಲ್ಕವನ್ನು ನೋಡಿದರೆ ಈ ನಿರೀಕ್ಷೆ ಅಸಹಜವೆಂದು ಹೇಳಲಾಗದು. ಆದರೆ ನಾಲ್ಕೈದು ವರ್ಷದ ಮಗುವಿಗೆ ಆ ಒಂದು ವರ್ಷದಲ್ಲಿ ನಿಜವಾಗಿ ಏನಾಗುತ್ತದೆ, ಏನಾಗಬೇಕು, ಏನಾಗಬಾರದು ಎಂಬುದನ್ನು ತಿಳಿದುಕೊಂಡವರು ನಮ್ಮಲ್ಲಿ ಕಡಮೆ. ಪ್ರಕೃತ ಲೇಖನದ ಉದ್ದೇಶವು ಇಷ್ಟೇ.

ಮೊದಲು ಹೆಸರಿನ ಮಾತು. ಜರ್ಮನಿಯ ಫ್ರೋಬೆಲ್ ಮಹಾಶಯನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟನು. ಮಕ್ಕಳ ತೋಟವೆಂದು ಅದರ ಅರ್ಥ. ಮರದ ಚೆಂಡು, ದಿಮ್ಮಿ, ಹಾಡು, ಕೈತೋಟದ ಕೆಲಸ, ಇವೇ ಅಲ್ಲಿನ ಪಾಠ. ಇಂತಹ ನಿರುಪದ್ರವಿಯಾದ ವ್ಯವಸ್ಥೆಯನ್ನೂ ಪ್ರಷ್ಯದ ಸರ್ಕಾರದವರು 1851ರಲ್ಲಿ ನಿಷೇಧಿಸಿದರು. ಮಕ್ಕಳು ಆಡುವುದರಲ್ಲಿಯೂ ರಾಜದ್ರೋಹವನ್ನು ಕಾಣಬಲ್ಲ ಸರ್ಕಾರಗಳು ಹಿಂದಿನಿಂದಲೂ ಇವೆ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಬೋರ್ಡಿಯಲ್ಲಿಯೂ ಕೋಸ್ಬಾಡಿನಲ್ಲಿಯೂ ಬಡಜನರ ಅಂಗಳಕ್ಕೇ ಶಾಲೆಯನ್ನು ಒಯ್ದರು. ಮರಿಯಾ ಮಾಂಟೆಸರಿಯವರು 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ಈ ದೇಶದಲ್ಲಿಯೇ ಕಳೆದು, ಅನೇಕ ಮಂದಿ ಉಪಾಧ್ಯಾಯರಿಗೆ ಶಿಕ್ಷಣವನ್ನಿತ್ತರು. ಇವರೆಲ್ಲರೂ ಬೇರೆ ಬೇರೆ ಮಾರ್ಗದವರು. ಆದರೆ ಇವರಲ್ಲಿ ಯಾರೊಬ್ಬರೂ ಈ ವಯಸ್ಸಿನ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಬರೆಯಿಸಿರೆಂದು ಹೇಳಿದವರಲ್ಲ. ಇಂದು ನಮ್ಮ ಬೀದಿಗೊಂದರಂತೆ ಇವರ ಹೆಸರನ್ನು ಹಲಗೆಯ ಮೇಲೆ ಬರೆದುಕೊಂಡ ಮನೆಗಳಲ್ಲಿ ನಡೆಯುವುದು ಬಹಳ ಕಡೆ ಬೆಂಚೂ ಬರಹವೂ ಎಂಬುದು ವಿಷಾದದ ಸಂಗತಿ.

ಇನ್ನು ವರ್ಷದ ಕ್ರಮವನ್ನು ನೋಡೋಣ. ಮೊದಲ ಎರಡು ಮೂರು ವಾರಗಳ ಅಳು ಸಹಜವಾದುದು. ಅದು ಶಾಲೆಯ ದೋಷವೂ ಅಲ್ಲ, ಮಗುವಿನ ಹಠವೂ ಅಲ್ಲ. ತಾಯಿ ಹೋದರೆ ಮರಳಿ ಬರುತ್ತಾಳೆಂಬ ನಂಬಿಕೆ ದಿನವೂ ಬಂದು ಬಂದು ನೆಲೆಯೂರಬೇಕಾದ ವಸ್ತು. ‘ಈಗ ಬಂದೆ’ ಎಂದು ಸುಳ್ಳು ಹೇಳಿ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುವ ತಂದೆಯು ಆ ನಂಬಿಕೆಗೆ ಕೊಡಲಿಯಿಡುತ್ತಾನೆ. ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಕೃಷ್ಣರಾಜಪುರದ ಸೇತುವೆಯ ಬಳಿಯ ವಾಹನಗಳ ಸಂದಣಿಯನ್ನು ಬಲ್ಲವರಿಗೆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟವೆಂದು ಗೊತ್ತು. ಆದಕಾರಣ ಮನೆಗೆ ಹತ್ತಿರದ ಶಾಲೆಯು ಹೆಸರುವಾಸಿಯಾದ ದೂರದ ಶಾಲೆಗಿಂತ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಮುಂಗಾರು ಹಿಡಿದ ಮೇಲೆ ನೆಗಡಿ, ಕೆಮ್ಮು, ಕೈಕಾಲು ಬಾಯಿಗಳಲ್ಲಿ ಗುಳ್ಳೆಯೇಳುವ ಜ್ವರ ಮುಂತಾದವು ತರಗತಿಯನ್ನೆಲ್ಲ ಒಂದು ಸುತ್ತು ಬರುತ್ತವೆ. ಮೊದಲ ಸಲ ಹತ್ತಾರು ಮಕ್ಕಳ ನಡುವೆ ಕುಳಿತ ಮಗುವಿಗೆ ವರ್ಷದಲ್ಲಿ ಆರೆಂಟು ಬಾರಿ ನೆಗಡಿಯಾದರೂ ಅದು ದುರ್ಬಲವೆಂದು ತಿಳಿಯಬೇಕಾಗಿಲ್ಲ. ಜ್ವರದ ಮಗುವನ್ನು ಔಷಧ ಕುಡಿಸಿ ಶಾಲೆಗೆ ಅಟ್ಟುವುದು ಮಾತ್ರ ಇತರ ಮಕ್ಕಳಿಗೆ ಮಾಡುವ ಅನ್ಯಾಯ. ಐದನೆಯ ವರ್ಷ ತುಂಬಿದ ಮೇಲೆ ಹಾಕಿಸತಕ್ಕ ಚುಚ್ಚುಮದ್ದಿನ ಬಲವರ್ಧಕ ಸರದಿಯು ಈ ಗಡಿಬಿಡಿಯಲ್ಲಿ ಮರೆತುಹೋಗುವುದುಂಟು; ತಾಯಿಕಾರ್ಡನ್ನು ಒಮ್ಮೆ ತೆಗೆದು ನೋಡುವುದು ಲೇಸು.

ಇದು ಹಾಗಿರಲಿ. ನಾವು ವಿಶೇಷವಾಗಿ ಹೇಳಬೇಕೆಂದಿರುವುದು ಮಾತಿನ ವಿಷಯ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಹಲಸೂರಿನವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಅವರ ಮಗಳು ಮನೆಯಲ್ಲಿ ಬಾಯಿ ಮುಚ್ಚದವಳು. ಶಾಲೆಗೆ ಸೇರಿ ಮೂರು ತಿಂಗಳಾದ ಮೇಲೆ ಅವರನ್ನು ಕರೆಯಿಸಿ, ಹುಡುಗಿ ಮಾತನ್ನೇ ಆಡುವುದಿಲ್ಲ, ವೈದ್ಯರಿಗೆ ತೋರಿಸಿ ಎಂದರಂತೆ. ಅವರು ಗಾಬರಿಯಿಂದ ಮನೆಗೆ ಬಂದು, ಅಂದಿನಿಂದ ಮಗಳೊಡನೆ ತಮಿಳನ್ನು ನಿಲ್ಲಿಸಿ, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿಯೇ ಮಾತನಾಡತೊಡಗಿದರು. ಆ ಮಗು ಮನೆಯಲ್ಲಿಯೂ ಮೌನವಾಯಿತು. ತಾತನು ಹೇಳುವ ಕಥೆಗೆ ಹೂಂಗುಟ್ಟುವುದೂ ನಿಂತಿತು.

ವಸ್ತುಸ್ಥಿತಿ ಏನೆಂದರೆ, ತನಗೆ ತಿಳಿಯದ ಭಾಷೆಯ ನಡುವೆ ಇಟ್ಟ ಮಗುವು ಕೆಲವು ವಾರಗಳ ಕಾಲ, ಎಷ್ಟೋ ವೇಳೆ ಕೆಲವು ತಿಂಗಳುಗಳ ಕಾಲ, ಮಾತನಾಡದೆ ಕೇಳುತ್ತಲೇ ಇರುತ್ತದೆ. ಇದು ಕಲಿಕೆಯ ಒಂದು ಘಟ್ಟವೆಂದು ಭಾಷಾಶಿಕ್ಷಣವನ್ನು ಬಲ್ಲವರು ಗುರುತಿಸಿದ್ದಾರೆ. ಮನೆಯ ಮಾತಿನಲ್ಲಿ ಮಗು ಚೆನ್ನಾಗಿ ಮಾತನಾಡುತ್ತಿದ್ದು, ಕಣ್ಣಿನಲ್ಲಿ ಕಣ್ಣಿಟ್ಟು ನೋಡುತ್ತಾ, ಕರೆದರೆ ತಿರುಗುತ್ತಾ ಇದ್ದರೆ ಆ ಮೌನಕ್ಕೆ ಅಂಜಬೇಕಾಗಿಲ್ಲ. ಮನೆಯ ಮಾತಿನಲ್ಲಿಯೇ ತೊಡಕಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಈ ಎರಡರ ಭೇದವನ್ನು ತಿಳಿಯಬೇಕಾದರೆ ಮಗುವಿನ ಮನೆಯ ಮಾತು ಯಾವುದೆಂಬುದು ಉಪಾಧ್ಯಾಯಿನಿಗೆ ತಿಳಿದಿರಬೇಕು. ಆ ಮಾತು ಮನೆಯಲ್ಲಿ ಜೀವಂತವಾಗಿರಬೇಕು. ಮನೆಯ ಭಾಷೆಯನ್ನು ನಿಲ್ಲಿಸುವ ಉಪಾಯದಿಂದ ಇಂಗ್ಲಿಷು ಬೇಗ ಬರುವುದಿಲ್ಲ. ಹೊಸ ಮಾತನ್ನು ಹಿಡಿಯಲು ಮಗುವಿಗೆ ಇರುವ ಕೈ ಹಳೆಯ ಮಾತೇ. ಮಳೆ ಏಕೆ ಬರುತ್ತದೆ, ಬೆಕ್ಕು ಏಕೆ ಓಡಿತು, ತಮ್ಮನು ಏಕೆ ಅತ್ತನು ಎಂದು ಒಂದು ಭಾಷೆಯಲ್ಲಿ ಕೂಡಿಸಿ ಹೇಳಬಲ್ಲ ಮಗುವು ಇನ್ನೊಂದರಲ್ಲಿಯೂ ಹೇಳಲು ಕಲಿಯುತ್ತದೆ.

ದಂಡುಪ್ರದೇಶದಲ್ಲಿ ಈ ಪ್ರಶ್ನೆಗೆ ಹಳೆಯ ಬೇರುಗಳಿವೆ. 19ನೆಯ ಶತಮಾನದ ಮೊದಲ ದಶಕದಲ್ಲಿ ಸೇನೆಯೊಡನೆ ಬಂದು ನೆಲೆಸಿದ ಜನರ ಊರು ಇದು; ತಮಿಳರು, ತೆಲುಗರು, ಉರ್ದು ಮಾತಿನವರು, ಆಂಗ್ಲೋ-ಇಂಡಿಯನ್ನರು ಇಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಇಲ್ಲಿನ ಬಡಮಕ್ಕಳಿಗಾಗಿ ಪಾಠಶಾಲೆಯನ್ನು ಸ್ಥಾಪಿಸಿದುದು ಈ ಭಾಗದ ಹೆಮ್ಮೆಯ ಸಂಗತಿಗಳಲ್ಲೊಂದು. 1947ರಲ್ಲಿ ಈ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರದೊಡನೆ ಒಂದೇ ಪೌರಸಭೆಯ ಆಡಳಿತಕ್ಕೆ ಒಳಪಟ್ಟಿತು. ಅದಕ್ಕೂ ಮೊದಲು ಇಲ್ಲಿನ ಆಡಳಿತದ ಮಾತು ಇಂಗ್ಲಿಷೇ ಆಗಿದ್ದಿತು. ಮುಂದೆ ಬೆಳೆದ ಇಂದಿರಾನಗರ, ದೂರವಾಣಿನಗರ, ಕೃಷ್ಣರಾಜಪುರಗಳಿಗೆ ಕಾರ್ಖಾನೆಗಳೂ ಅವುಗಳ ತರುವಾಯ ಗಣಕಯಂತ್ರದ ಕಚೇರಿಗಳೂ ದೇಶದ ಎಲ್ಲ ಕಡೆಗಳಿಂದ ಜನರನ್ನು ತಂದವು. ಹೀಗಿರಲಾಗಿ, ಇಲ್ಲಿನ ಒಂದು ಶಿಶುವಿಹಾರದ ಇಪ್ಪತ್ತು ಮಕ್ಕಳಲ್ಲಿ ಐದಾರು ಮನೆಮಾತುಗಳಿರುವುದು ಆಶ್ಚರ್ಯವಲ್ಲ. ಇವುಗಳೆಲ್ಲಕ್ಕೂ ಸಾಮಾನ್ಯವಾದ ಬೀದಿಯ ಮಾತು ಕನ್ನಡ. ತರಕಾರಿಯವನೊಡನೆ, ಆಟೋದವನೊಡನೆ, ಪಕ್ಕದ ಮನೆಯ ಅಜ್ಜಿಯೊಡನೆ ಮಗು ಕಲಿಯಬಹುದಾದ ಮಾತು. ಶಾಲೆಯ ಹಾಡು ಕಥೆಗಳಲ್ಲಿ ಕನ್ನಡಕ್ಕೆ ಸ್ಥಳವಿದ್ದರೆ ತಮಿಳು ಮನೆಯ ಮಗುವೂ ಉರ್ದು ಮನೆಯ ಮಗುವೂ ಒಂದೇ ವರ್ಷದಲ್ಲಿ ಅದನ್ನು ಆಟದಲ್ಲಿಯೇ ಪಡೆದುಬಿಡುತ್ತವೆ. ಆಗ ಬಿಟ್ಟದ್ದನ್ನು ಹತ್ತು ವರ್ಷಗಳ ಮೇಲೆ ವ್ಯಾಕರಣದ ಪುಸ್ತಕದಿಂದ ಕಲಿಸಲು ನಾವು ಕಾನೂನನ್ನು ಮಾಡುತ್ತೇವೆ.

ಮಾಧ್ಯಮದ ವ್ಯಾಜ್ಯವು ವಾಚಕರಿಗೆ ಹೊಸದಲ್ಲ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು 1994ರಲ್ಲಿ ಹೊರಟ ಸರ್ಕಾರದ ಆಜ್ಞೆಯು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಆಯ್ಕೆಯು ತಾಯಿತಂದೆಗಳದೆಂದು ತೀರ್ಪಾಯಿತು. ಆ ಇಪ್ಪತ್ತು ವರ್ಷಗಳ ವಾದವೆಲ್ಲ ಒಂದನೆಯ ತರಗತಿಯಿಂದ ಮೇಲಿನ ಮಾತು. ಅದಕ್ಕೂ ಎರಡು ವರ್ಷ ಮೊದಲೇ, ಯಾವ ಆಜ್ಞೆಯೂ ಯಾವ ತೀರ್ಪೂ ಕಣ್ಣಿಡದ ಬಾಡಿಗೆಯ ಮನೆಯೊಂದರ ಕೊಠಡಿಯಲ್ಲಿ, ಮಗುವಿನ ನಾಲಗೆಯ ವಿಚಾರ ತೀರ್ಮಾನವಾಗಿಹೋಗಿರುತ್ತದೆ ಎಂಬುದನ್ನು ಎರಡು ಪಕ್ಷದವರೂ ಗಮನಿಸಲಿಲ್ಲ.

ಮಾತಿನ ತರುವಾಯ ಕೈ. ಐದು ವರ್ಷದ ಮಗುವಿನ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಎಲ್ಲವೂ ಇನ್ನೂ ಮೂಡಿ ಗಟ್ಟಿಯಾಗಿರುವುದಿಲ್ಲ. ಕೊನೆಯದು ಕಾಣಿಸಿಕೊಳ್ಳುವುದು ಎಂಟು ಒಂಬತ್ತು ವರ್ಷ ದಾಟಿದ ಮೇಲೆ. ಇಂತಹ ಕೈಗೆ ಪೆನ್ಸಿಲನ್ನು ಕೊಟ್ಟು ನಾಲ್ಕು ಗೆರೆಗಳ ನಡುವೆ ಪುಟಗಟ್ಟಲೆ ಬರೆಯೆಂದರೆ ಅದು ಬರೆಯುವುದಿಲ್ಲವೆಂದಲ್ಲ, ಬೆರಳು ನೋಯಿಸಿಕೊಂಡು ಬರೆಯುತ್ತದೆ. ಬರೆಯುವುದೆಂದರೆ ನೋವೆಂಬ ಪಾಠವನ್ನೂ ಜೊತೆಗೆ ಕಲಿಯುತ್ತದೆ. ಮಣ್ಣನ್ನು ನಾದುವುದು, ಮಣಿ ಪೋಣಿಸುವುದು, ಕಾಗದವನ್ನು ಹರಿದು ಅಂಟಿಸುವುದು, ಅವರೆಕಾಯಿ ಸುಲಿಯುವುದು, ಗುಂಡಿ ಹಾಕಿಕೊಳ್ಳುವುದು, ಇವು ಬರಹದ ನಿಜವಾದ ಮೊದಲ ಪಾಠಗಳು. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕಲಿಯುತ್ತಿದ್ದರು. ವಿಜಯದಶಮಿಯ ದಿನ ಅಕ್ಕಿಯ ತಟ್ಟೆಯಲ್ಲಿ ಇಂದಿಗೂ ಹಾಗೆಯೇ ಬರೆಯಿಸುತ್ತೇವೆ. ಮಾಂಟೆಸರಿಯವರು ಮರಳು ಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿಸಿದುದೂ ಇದೇ ತತ್ತ್ವದ ಮೇಲೆ. ಕೂಲಿಮಠದ ಬೆತ್ತವನ್ನು ನಾವು ಬಿಟ್ಟುದು ಸರಿ. ಮರಳನ್ನೂ ಏಕೆ ಬಿಟ್ಟೆವೋ ತಿಳಿಯದು.

ಪುಸ್ತಕದ ಹೊರೆಯ ವಿಷಯದಲ್ಲಿ ಮೈಸೂರಿನಲ್ಲಿ ಬಹುಕಾಲ ವಾಸವಾಗಿದ್ದ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಾಡಿದ ಭಾಷಣವನ್ನು ಹಿರಿಯರು ಮರೆತಿರಲಾರರು. ಬಳಿಕ ಪ್ರೊಫೆಸರ್ ಯಶಪಾಲರ ಸಮಿತಿಯು 1993ರಲ್ಲಿ ಕೊಟ್ಟ ವರದಿಯಲ್ಲಿ ಶಿಶುಶಾಲೆಯ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂದು ಸಲಹೆಯಿತ್ತಿತು. 2020ರ ಶಾಲಾಚೀಲದ ರಾಷ್ಟ್ರೀಯ ನೀತಿಯ ಪ್ರಕಾರ ಒಂದನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಚೀಲವೇ ಇರತಕ್ಕದ್ದಲ್ಲ. 2022ರ ಅಕ್ಟೋಬರಿನಲ್ಲಿ ಪ್ರಕಟವಾದ ಬುನಾದಿ ಹಂತದ ಪಠ್ಯಕ್ರಮದ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆಯ ಮಾರ್ಗವೆಂದು ಸಾರಿತು. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. ಬೆಳಗಿನ ಹೊತ್ತು ಇಂದಿರಾನಗರದ ರಸ್ತೆಯಲ್ಲಿ ನಿಂತು ಚೀಲಗಳನ್ನು ಎಣಿಸಿದವರಿಗೆ ಉಳಿದುದು ತಾನಾಗಿ ತಿಳಿಯುತ್ತದೆ.

ಮಕ್ಕಳ ವಯಸ್ಸಿನ ನಿಯಮವು ಈಚಿನ ವರ್ಷಗಳಲ್ಲಿ ಎಷ್ಟೋ ಮನೆಗಳ ನಿದ್ದೆಯನ್ನು ಕೆಡಿಸಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವಿಗೆ ಮಾತ್ರ ಒಂದನೆಯ ತರಗತಿಯೆಂದು ನಮ್ಮ ಸರ್ಕಾರದವರು 2022ರ ಜುಲೈನಲ್ಲಿ ಆಜ್ಞೆಯಿತ್ತರು. ಅದನ್ನು ಬಳಿಕ 2025-26ನೆಯ ಸಾಲಿಗೆ ಮುಂದೂಡಿದರು. ಆ ಸಾಲು ಹತ್ತಿರ ಬಂದಾಗ, 2025ರ ಏಪ್ರಿಲಿನಲ್ಲಿ, ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕೆಂದು ಸಡಿಲಿಸಿ, ಮುಂದಿನ ಸಾಲಿನಿಂದ ಆರು ತುಂಬಿರಲೇಬೇಕೆಂದು ತಿಳಿಸಿದರು. ನಿಯಮವು ಸರಿಯಾದುದೇ. ಅದನ್ನು ಕೊನೆಯ ತಿಂಗಳಿನಲ್ಲಿ ಕದಲಿಸುವ ಪದ್ಧತಿ ಸರಿಯಲ್ಲ. ಮೂರನೆಯ ವರ್ಷದಲ್ಲಿಯೇ ಮಗುವನ್ನು ಸೇರಿಸಿಬಿಟ್ಟ ಸಾಮಾನ್ಯ ಸಂಸಾರಿಗೆ ಒಂದು ವರ್ಷದ ಶುಲ್ಕ ಸಣ್ಣದಲ್ಲ. ಆಗಸ್ಟಿನಲ್ಲಿ ಹುಟ್ಟಿದ ಮಗುವು ಈ ಲೆಕ್ಕದಿಂದ ಆರು ವರ್ಷ ಹತ್ತು ತಿಂಗಳಿಗೆ ಸಮೀಪವಾದಾಗ ಒಂದನೆಯ ತರಗತಿಗೆ ಬರುತ್ತದೆ. ‘ಒಂದು ವರ್ಷ ವ್ಯರ್ಥವಾಯಿತು’ ಎಂದು ಕೊರಗುವವರು ಫಿನ್ಲೆಂಡಿನ ಮಕ್ಕಳು ಏಳನೆಯ ವರ್ಷದಲ್ಲಿ ಒಂದನೆಯ ತರಗತಿಗೆ ಹೋಗುವರೆಂಬುದನ್ನು ನೆನೆಯಬಹುದು. ಕಾದ ವರ್ಷದಲ್ಲಿ ಅದೇ ಪುಸ್ತಕವನ್ನು ಎರಡನೆಯ ಬಾರಿ ತಿದ್ದಿಸಿದರೆ ಮಾತ್ರ ಅದು ನಿಜವಾಗಿಯೂ ವ್ಯರ್ಥವಾಗುತ್ತದೆ.

ಶಾಲೆಯನ್ನು ಆರಿಸುವಾಗ ನೋಡಬೇಕಾದುದೇನು? ಹವಾನಿಯಂತ್ರಿತ ಕೊಠಡಿಯನ್ನಲ್ಲ, ಗೋಡೆಯ ಮೇಲಿನ ಬಣ್ಣದ ಪ್ರಾಣಿಗಳನ್ನಲ್ಲ. 2013ರ ರಾಷ್ಟ್ರೀಯ ಶಿಶುಪಾಲನಾ ನೀತಿಯಂತೆ ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಹಿರಿಯರೊಬ್ಬರಿರಬೇಕು; ಎಷ್ಟು ಮಕ್ಕಳಿದ್ದಾರೆಂದು ಎಣಿಸಬೇಕು. ಶೌಚದ ಕೋಣೆಯನ್ನು ತೆರೆದು ನೋಡಬೇಕು. ಉಪಾಧ್ಯಾಯಿನಿಯು ಮಗುವಿನೊಡನೆ ಮಾತನಾಡುವಾಗ ಕುಳಿತು ಮಾತನಾಡುವಳೋ ನಿಂತೋ ಎಂಬುದನ್ನು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಆಕೆಗೆ ಕೊಡುವ ಸಂಬಳವೆಷ್ಟೆಂದು ಕೇಳುವ ಧೈರ್ಯವಿದ್ದವರಿಗೆ ಉಳಿದರ್ಧವೂ ತಿಳಿದೀತು. ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆಯುವುದನ್ನೂ ವಂತಿಗೆಯನ್ನು ವಸೂಲು ಮಾಡುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾನೂನಿನ 13ನೆಯ ಪ್ರಕರಣವು ನಿಷೇಧಿಸಿದೆ. ಆ ಕಾನೂನಿನ ಮಗುವು ಆರು ತುಂಬಿದುದು, ಆದುದರಿಂದ ನಾಲ್ಕು ವರ್ಷದ್ದನ್ನು ಸಂದರ್ಶಿಸಬಹುದೆಂದು ವಾದಿಸುವ ಶಾಲೆಗಳಿರಬಹುದು. ಅಂತಹ ವಾದವನ್ನು ಹೂಡುವವರ ಕೈಗೆ ನಾಲ್ಕು ವರ್ಷದ ಮಗುವನ್ನು ಒಪ್ಪಿಸದಿರುವುದೇ ಕ್ಷೇಮ.

ಬಡವರ ಶಿಶುವಿಹಾರವಾದ ಅಂಗನವಾಡಿಯನ್ನು ನಮ್ಮ ಓದುಬಲ್ಲ ವರ್ಗದವರು ಊಟದ ಮನೆಯೆಂದು ತಿಳಿದಿದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದುದು ಟಿ. ನರಸೀಪುರವನ್ನು. ಪೌಷ್ಟಿಕ ಆಹಾರದಷ್ಟೇ ಶಾಲಾಪೂರ್ವ ಶಿಕ್ಷಣವೂ ಅದರ ಮೂಲೋದ್ದೇಶಗಳಲ್ಲಿ ಸೇರಿದ್ದಿತು. 2019ರಲ್ಲಿ ಕೆಲವು ಸರ್ಕಾರಿ ಪಾಠಶಾಲೆಗಳಲ್ಲಿಯೇ ಶಿಶುತರಗತಿಗಳು ತೆರೆದವು. 2024ರಲ್ಲಿ ಅವು ಹೆಚ್ಚುವ ಸೂಚನೆ ಕಂಡಾಗ ತಮ್ಮ ಮಕ್ಕಳನ್ನು ಕಳೆದುಕೊಳ್ಳುವ ಭಯದಿಂದ ಅಂಗನವಾಡಿಯ ಕಾರ್ಯಕರ್ತೆಯರು ಬೀದಿಗಿಳಿದು ಪ್ರತಿಭಟಿಸಿದರು. ಅಂಗನವಾಡಿಗಳಲ್ಲಿಯೇ ಆ ತರಗತಿಗಳನ್ನು ನಡೆಸುವ ಏರ್ಪಾಡಿಗೆ ಸರ್ಕಾರದವರು ತೊಡಗಿದರು. ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಎಳೆದಾಡುವುದನ್ನು ಕಂಡು ನಮಗೆ ಸಂತೋಷವೇ ಆಯಿತು. ಬಹುಕಾಲ ಯಾರೂ ಎಳೆಯದ ಮಗು ಅದು. ಆದರೆ ಅಡುಗೆಯ ಲೆಕ್ಕ, ಗರ್ಭಿಣಿಯರ ಪಟ್ಟಿ, ಸಮೀಕ್ಷೆ, ಮೊಬೈಲಿನ ವರದಿ ಇವೆಲ್ಲವನ್ನೂ ಹೊತ್ತ ಕಾರ್ಯಕರ್ತೆಗೆ ಹಾಡು ಹೇಳಿಸಲು ಬಿಡುವೆಲ್ಲಿ ಎಂಬುದನ್ನು ಅಧಿಕಾರಿಗಳು ಯೋಚಿಸತಕ್ಕದ್ದು.

ಮನೆಯವರ ಕೆಲಸ ಬಹಳವಿಲ್ಲ. ಈ ವಯಸ್ಸಿನ ಮಗುವಿಗೆ ಹಗಲೂ ರಾತ್ರಿಯೂ ಸೇರಿ ಹತ್ತು ಗಂಟೆಗೆ ಕಡಮೆಯಿಲ್ಲದ ನಿದ್ದೆ ಬೇಕು. ಮೊಬೈಲಿನ ಪರದೆಯು ನಾಲ್ಕು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಹೇಳಿದರು. ‘ಇಂದು ಏನು ಕಲಿಸಿದರು?’ ಎಂದು ಕೇಳಿದರೆ ಮಗು ‘ಏನೂ ಇಲ್ಲ’ ಎನ್ನುವುದು ಲೋಕರೂಢಿ. ‘ಯಾರ ಪಕ್ಕದಲ್ಲಿ ಕುಳಿತೆ?’ ಎಂದು ಕೇಳಿದರೆ ಮಾತು ಹೊರಡುತ್ತದೆ. ಮಾರ್ಚಿಯ ಹೊತ್ತಿಗೆ ಮಗುವು ತಾನೇ ಉಣ್ಣುವುದನ್ನು, ಶೌಚಕ್ಕೆ ತಾನೇ ಕೇಳಿ ಹೋಗುವುದನ್ನು, ತನ್ನ ಸರದಿಗೆ ಕಾಯುವುದನ್ನು, ಒಂದು ಕಥೆಯನ್ನು ಕೊನೆಯವರೆಗೆ ಕೇಳಿ ತನ್ನ ಮಾತಿನಲ್ಲಿ ತಿರುಗಿ ಹೇಳುವುದನ್ನು, ಹತ್ತಿಪ್ಪತ್ತು ವಸ್ತುಗಳನ್ನು ಮುಟ್ಟಿ ಎಣಿಸುವುದನ್ನು, ಜಗಳವಾಡಿದ ಗೆಳೆಯನೊಡನೆ ಮತ್ತೆ ಆಡುವುದನ್ನು ಕಲಿತಿದ್ದರೆ ಶುಲ್ಕವು ಸಾರ್ಥಕವಾಯಿತೆಂದು ತಿಳಿಯಬಹುದು. ಇಷ್ಟಾಗಿ ಒಂದೆರಡು ಅಕ್ಷರಗಳು ತಲೆಕೆಳಗಾಗಿದ್ದರೆ ಇರಲಿ. ವರ್ಷಾಂತ್ಯದಲ್ಲಿ ಐದು ವರ್ಷದವರಿಗೆ ಕರಿಯ ನಿಲುವಂಗಿ, ಚೌಕದ ಟೊಪ್ಪಿಗೆಗಳನ್ನು ತೊಡಿಸಿ ಪದವಿಪ್ರದಾನ ನಡೆಯಿಸುವ ಈಚಿನ ವೈಭವದ ಬಗ್ಗೆ ನಾವು ಏನನ್ನೂ ಹೇಳಬಯಸುವುದಿಲ್ಲ. ಬೇಸಗೆಯಲ್ಲಿ ಆ ಬಟ್ಟೆ ಮಕ್ಕಳಿಗೆ ಸೆಕೆಯಾಗುತ್ತದೆ.

ಕೊನೆಯದಾಗಿ ಅಧಿಕಾರಿಗಳಿಗೂ ಶಾಲೆಗಳವರಿಗೂ ಒಂದು ಸೂಚನೆ. ಮಕ್ಕಳ ಮನೆಮಾತುಗಳನ್ನು ಗುರುತಿಸಿ, ಕೆಳಗಿನ ತರಗತಿಗಳಲ್ಲಿ ಅವುಗಳಿಗೆ ಸ್ಥಾನ ಕೊಡಬೇಕೆಂದು ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯವರು 2025ರ ಮೇ ತಿಂಗಳಲ್ಲಿ ತಮ್ಮ ಶಾಲೆಗಳಿಗೆ ಸುತ್ತೋಲೆಯನ್ನು ಕಳುಹಿಸಿದರು. ಇದಕ್ಕೆ ಹೊಸ ಸಮೀಕ್ಷೆ ಬೇಕಾಗಿಲ್ಲ. ಪ್ರವೇಶದ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಅಂಕಣವು ಬಹುಕಾಲದಿಂದ ಇದೆ. ತಾಯಿತಂದೆಗಳು ಅದನ್ನು ತುಂಬುತ್ತಾರೆ. ಗುಮಾಸ್ತರು ಅದನ್ನು ಕಡತದಲ್ಲಿ ಕಟ್ಟಿಡುತ್ತಾರೆ. ತರಗತಿಯ ಉಪಾಧ್ಯಾಯಿನಿಯು ಅದನ್ನು ನೋಡಿರುವುದಿಲ್ಲ. ಹಲಸೂರಿನ ಆ ಹುಡುಗಿಯ ಅರ್ಜಿಯಲ್ಲಿಯೂ ‘ತಮಿಳು’ ಎಂದು ಸ್ಪಷ್ಟವಾಗಿ ಬರೆದಿದ್ದಿತು. ಜೂನ್ ತಿಂಗಳಿಗೆ ಮೊದಲು ತರಗತಿಯ ಮಕ್ಕಳ ಹೆಸರನ್ನೂ ಎದುರಿಗೆ ಮನೆಯ ಮಾತನ್ನೂ ಒಂದೇ ಹಾಳೆಯಲ್ಲಿ ಬರೆದು ಆಕೆಯ ಕೈಗೆ ಕೊಡುವುದಕ್ಕೆ ಅರ್ಧ ಗಂಟೆ ಸಾಕು. ಅದೇ ಹಾಳೆಯ ಮೂರನೆಯ ಸಾಲಿನಲ್ಲಿ, ಅಮ್ಮ, ನೀರು, ಹಸಿವು, ನೋವು, ಶೌಚ ಎಂಬ ಐದು ಪದಗಳಿಗೆ ಆ ಮಗುವು ಮನೆಯಲ್ಲಿ ಏನೆನ್ನುವುದೆಂದು ತಾಯಿಯಿಂದ ಕೇಳಿ ಬರೆದಿಡಲಿ.